ಎರಡು ಕ್ಲಿಕ್ ಹೆಚ್ಚು ಬೆಳಕು

ಜೂನ್ 4

ಅಪ್ಪನಿಗೆ,

ಸೊಟ್ಟಪ್ಪ ಬಂದು ತಲುಪಿದ. ನಿನ್ನ ಹಳೆಯ ಬನಿಯನ್ನಿನಲ್ಲಿ ಸುತ್ತಿ, ಬಿಸ್ಕತ್ತಿನ ಡಬ್ಬದಲ್ಲಿಟ್ಟು ಕಳಿಸಿದ್ದೀಯ. ಒಂದು ಚೀಟಿಯಾದರೂ ಇರಬಹುದೆಂದು ಬನಿಯನ್ ಕೊಡವಿ ನೋಡಿದೆ. ಧೂಳು ಬಿಟ್ಟು ಏನೂ ಬೀಳಲಿಲ್ಲ.

ಬಾಗಿ ಸರಿಯುವುದಕ್ಕೇ ಸೊಟ್ಟಪ್ಪ ಅನ್ನಿಸಿಕೊಂಡ ಈ ಟಿಲ್ಟ್-ಶಿಫ್ಟ್ ಲೆನ್ಸನ್ನು ನಾನು ಚಿಕ್ಕಂದಿನಲ್ಲಿ ಮುಟ್ಟಿದರೆ ಕೈಮೇಲೆ ಏಟು ಕೊಡುತ್ತಿದ್ದವನು ಈಗ ಕೇಳದೆಯೇ ಕಳಿಸಿದ್ದೀಯ. ಯಾಕೆ ಅಂತ ಕೇಳಿದರೆ ಜಗಳ ಆಗುತ್ತದೆ. ಫೋನಿನಲ್ಲಿ ಕೇಳಿದರೆ ಇನ್ನೂ ಬೇಗ ಆಗುತ್ತದೆ. ಅದಕ್ಕೇ ಈ ಕಾಗದ. ಅಂಗಡಿ ಮುಚ್ಚಿದ್ದನ್ನು ನೀನು ನನಗೆ ಹೇಳಲಿಲ್ಲ, ಪಕ್ಕದ ಅಂಗಡಿಯ ಟೈಲರ್ ಹೇಳಿದ. ನೀನು ಜೀವಮಾನವಿಡೀ ಕ್ಯಾಮೆರಾ ರಿಪೇರಿ ಮಾಡಿದ ಬೆಂಚು, ಒಂದು ದಿನ ನನಗೆ ಬರುತ್ತದೆಂದು ನಾನು ಅಂದುಕೊಂಡಿದ್ದ ಬೆಂಚು. ಎರಡು ವರ್ಷವಾದರೂ ಆ ಸಿಟ್ಟು ಇಳಿದಿಲ್ಲ. ಅದು ಪಕ್ಕಕ್ಕಿರಲಿ.

ಕೆಲಸದ ಮಾತಿಗೆ ಬರುತ್ತೇನೆ. ಒಂದು ಆರ್ಕಿಟೆಕ್ಟ್ ಆಫೀಸು ತಾವು ಕಟ್ಟಿಸಿದ ಕಟ್ಟಡಗಳ ಫೋಟೋ ತೆಗೆಯಲು ನನ್ನನ್ನು ಕರೆದಿದೆ. ಮೊದಲನೆಯದು ಒಂದು ಬ್ಯಾಂಕಿನ ಮೆಟ್ಟಿಲು, ಪಕ್ಕದಲ್ಲಿ ಎತ್ತರದ ಕಿಟಕಿ. ಕ್ಯಾಮೆರಾದ ಮೂತಿ ಮೇಲೆತ್ತಿದರೆ ಗೋಡೆಗಳು ಹಿಂದಕ್ಕೆ ಬೀಳುತ್ತವಲ್ಲ, ಹಾಗಾಗಬಾರದೆಂದು ಕ್ಯಾಮೆರಾ ನೆಟ್ಟಗಿಟ್ಟು ಸೊಟ್ಟಪ್ಪನನ್ನು ಮಾತ್ರ ಮೇಲಕ್ಕೆ ಸರಿಸಿದೆ. ಗೋಡೆ ನೆಟ್ಟಗೆ ನಿಂತಿತು. ಆದರೆ ಪ್ರಿಂಟ್ ತೆಗೆಸಿದರೆ ಕಿಟಕಿಯೆಲ್ಲ ಬೆಳ್ಳಗೆ ಸುಟ್ಟುಹೋಗಿದೆ. ಆಫೀಸಿನ ಮೇಡಮ್ ನೋಡಿ, "ಏನ್ರೀ, ಇದು ಕಿಟಕೀನೋ, ಬೆಡ್‌ಶೀಟ್ ಒಣಗಿ ಹಾಕಿದೀರೋ?" ಅಂದರು. ಇನ್ನೊಮ್ಮೆ ಹೀಗಾದರೆ ಬೇರೆಯವರನ್ನು ನೋಡಿಕೊಳ್ಳುತ್ತಾರಂತೆ. ನನಗೆ ಕಟ್ಟಡ ಬಿಟ್ಟು ಬೇರೇನೂ ತೆಗೆಯಲು ಬರುವುದಿಲ್ಲ. ಮದುವೆ ಮನೆಯಲ್ಲಿ ನಿಂತು "ಸ್ವಲ್ಪ ನಗಿ, ಸ್ವಲ್ಪ ನಗಿ" ಅನ್ನುವಷ್ಟು ತಾಳ್ಮೆ ನಿನಗೂ ಇರಲಿಲ್ಲ, ನನಗೂ ಇಲ್ಲ.

ನಿನ್ನ ಲೆನ್ಸಿನಲ್ಲಿ ಏನೋ ಕೆಟ್ಟಿದೆ. ಏನೆಂದು ಹೇಳು. ಪ್ರಿಂಟ್ ಜೊತೆಗಿಟ್ಟಿದ್ದೇನೆ.

ಚೂಟಿ


ಜೂನ್ 13

ಚೂಟಿ,

ಲೆನ್ಸ್ ಕೆಟ್ಟಿಲ್ಲ. ಲೆನ್ಸ್ ಹಿಡಿದವಳಿಗೆ ಅವಸರ.

ನೀನು ಏನು ಮಾಡಿದ್ದೀಯೆಂದು ಇಲ್ಲಿ ಕೂತೇ ಹೇಳುತ್ತೇನೆ. ಮೊದಲು ಲೆನ್ಸ್ ಸರಿಸಿದ್ದೀಯ, ಆಮೇಲೆ ಬೆಳಕಿನ ಮೀಟರ್ ನೋಡಿದ್ದೀಯ. ಹೌದೋ ಅಲ್ಲವೋ? ಮಾಮೂಲಿ ಲೆನ್ಸಿಗೆ ಅದು ನಡೆಯುತ್ತದೆ, ಸೊಟ್ಟಪ್ಪನಿಗೆ ನಡೆಯುವುದಿಲ್ಲ. ಅವನು ಪಕ್ಕಕ್ಕೆ ಸರಿದಾಗ ಬೆಳಕು ಒಳಗೆ ಓರೆಯಾಗಿ ಬೀಳುತ್ತದೆ. ಕ್ಯಾಮೆರಾದ ಮೀಟರ್‌ಗೆ ತಲೆ ಕೆಟ್ಟು "ಅಯ್ಯೋ ಕತ್ತಲೆ" ಅನ್ನುತ್ತದೆ. ನೀನು ಅದರ ಮಾತು ನಂಬಿ ಬೆಳಕು ಸುರಿಯುತ್ತೀಯ.

ಸರಿಯಾಗಿ ಓದಿಕೋ. ಕ್ಯಾಮೆರಾವನ್ನು ಮ್ಯಾನ್ಯುಯಲ್‌ನಲ್ಲಿಡು, ಅದಕ್ಕೆ ಯೋಚನೆ ಮಾಡಲು ಬಿಡಬೇಡ. ಲೆನ್ಸನ್ನು ಸೊನ್ನೆಗೆ ತಂದು ನಿಲ್ಲಿಸು, ಮೇಲೆ ಕೆಳಗೆ ಸರಿದಿರಬಾರದು, ಬಾಗಿರಲೂ ಬಾರದು. ಅಪರ್ಚರ್ ಹನ್ನೊಂದಕ್ಕಿಡು. ಆಗ ಮೀಟರ್ ನೋಡಿ ಶಟರ್ ಹೊಂದಿಸು. ಕಿಟಕಿ ಮುಖ್ಯವಾದರೆ ಕಿಟಕಿಯ ಕಡೆ ತಿರುಗಿಸಿ ಅಳೆ, ಗೋಡೆ ಸ್ವಲ್ಪ ಕಪ್ಪಾದರೆ ಆಗಲಿ. ಅಂಕಿ ಗೊತ್ತಾದ ಮೇಲೆ ಲೆನ್ಸ್ ಸರಿಸು. ಸರಿಸಿದ ಮೇಲೆ ಮೀಟರ್ ಏನೇ ಬೊಗಳಲಿ, ಕಿವಿಗೆ ಹಾಕಿಕೊಳ್ಳಬೇಡ. ಪೂರ್ತಿ ಕೊನೆಯ ತನಕ ಸರಿಸಿದರೆ ಮಾತ್ರ ಒಂದು ಅಂಚು ನಿಜವಾಗಿಯೂ ಮಬ್ಬಾಗುತ್ತದೆ. ಆಗ ಬೇಕೆನಿಸಿದರೆ ಡಯಲ್ ಒಂದೆರಡು ಕ್ಲಿಕ್ ತಿರುಗಿಸಿ ಬೆಳಕು ಕೊಡಬಹುದು.

ಪ್ರಿಂಟನ್ನು ಟೈಲರ್‌ಗೂ ತೋರಿಸಿದೆ. "ಬಿಳಿ ಜಾಸ್ತಿ ಆಯ್ತು ಸ್ವಾಮಿ" ಅಂದ. ಅವನಿಗೂ ಗೊತ್ತಾಗಿದೆ ಅಂದಮೇಲೆ ನೋಡಿಕೋ.

ಅಂಗಡಿ ವ್ಯಾಪಾರ ಇಲ್ಲವೆಂದು ಮುಚ್ಚಿದ್ದು. ಲೆನ್ಸ್ ಸುಮ್ಮನೆ ಕೂತಿತ್ತು, ಕಳಿಸಿದೆ. ಅದರಲ್ಲಿ ಜಗಳ ಆಡುವಂಥದ್ದು ಏನಿದೆ?

ಅಪ್ಪ


ಜೂನ್ 24

ಅಪ್ಪನಿಗೆ,

ಹೌದು. ಮೊದಲ ಸಲ ಸರಿಸಿದ ಮೇಲೆಯೇ ಮೀಟರ್ ನೋಡಿದ್ದೆ. ಒಪ್ಪಿಕೊಂಡೆ, ಸಂತೋಷಪಡು.

ಎರಡನೆಯ ಕಟ್ಟಡ ಒಂದು ಈಜುಕೊಳದ ಹಾಲ್. ನೀನು ಹೇಳಿದ್ದನ್ನು ಗಿಣಿಪಾಠದ ಹಾಗೆ ಒಪ್ಪಿಸಿಕೊಂಡು ಹೋದೆ. ಲೆನ್ಸ್ ಸೊನ್ನೆಯಲ್ಲಿ, ಕ್ಯಾಮೆರಾ ಮ್ಯಾನ್ಯುಯಲ್‌ನಲ್ಲಿ, ಕಿಟಕಿಗೆ ಅಳತೆ. ಆಮೇಲೆ ಲೆನ್ಸ್ ಸರಿಸಿ, ನೀನು ಕೊಟ್ಟ ಭೂತಗನ್ನಡಿಯನ್ನು ಕ್ಯಾಮೆರಾದ ಹಿಂಬದಿಯ ಪರದೆಗೆ ಒತ್ತಿ ಕಣ್ಣಿಟ್ಟು ನೋಡಿದೆ. ಮಬ್ಬು. ಅಂಚಷ್ಟೇ ಅಲ್ಲ, ಎಲ್ಲ ಕಡೆಯೂ. ಕೊನೆಯ ತನಕ ಸರಿಸಿದ್ದೆನಲ್ಲ, ನೀನೇ ಹೇಳಿದ ಹಾಗೆ ಎರಡು ಕ್ಲಿಕ್ ಕೊಟ್ಟೆ. ಆಗ ಕಣ್ಣಿಗೆ ಸರಿಯಾಗಿ ಕಂಡಿತು.

ಪ್ರಿಂಟ್ ಮತ್ತೆ ಬಿಳಿ, ಇದರ ಜೊತೆಗಿಟ್ಟಿದ್ದೇನೆ. ನೀರಿನ ಮೇಲೆ ಬಿದ್ದ ಬೆಳಕಿನಲ್ಲಿ ಒಂದು ಗೆರೆಯೂ ಇಲ್ಲ. ಮೇಡಮ್ ಈ ಸಲ ತಮಾಷೆ ಮಾಡಲಿಲ್ಲ, ಫೋಟೋ ತಿರುಗಿಸಿ ಮೇಜಿನ ಮೇಲಿಟ್ಟರು. ಬೆಡ್‌ಶೀಟ್ ಅಂದಿದ್ದರೇ ಚೆನ್ನಾಗಿತ್ತು. ಮೂರನೆಯ ಕಟ್ಟಡ ಅವರ ದೊಡ್ಡ ಕೆಲಸ, ಹೊಸ ಆಸ್ಪತ್ರೆ. ಅದನ್ನು ನನಗೆ ಕೊಡುವುದೋ ಬೇಡವೋ ಎಂದು ಮುಂದಿನ ತಿಂಗಳು ಹೇಳುತ್ತಾರೆ.

ಲೆನ್ಸಿನ ಒಳಗಿನ ಅಪರ್ಚರ್ ಎಲೆಗಳು ಅಂಟಿಕೊಂಡಿರಬೇಕು. ಕಳಿಸುತ್ತೇನೆ, ಬಿಚ್ಚಿ ನೋಡು.

ಇನ್ನೊಂದು ವಿಷಯ. ನಿನ್ನ ಅಕ್ಷರ ಯಾಕೆ ಇಷ್ಟು ದಪ್ಪ? ಗೋಡೆ ಮೇಲೆ ಬರೆಯುವವನ ಹಾಗೆ ಬರೆದಿದ್ದೀಯ. ಸಾಲುಗಳೆಲ್ಲ ಇಳಿಜಾರಿನಲ್ಲಿ ಬಿಟ್ಟ ಸೈಕಲ್ ಥರ ಕೆಳಕ್ಕೆ ಓಡಿವೆ. ಸೊಟ್ಟಪ್ಪ ಲೆನ್ಸೋ ನೀನೋ?

ಚೂಟಿ


ಜುಲೈ 2

ಚೂಟಿ,

ಲೆನ್ಸ್ ಕಳಿಸಬೇಡ. ನಾನು ಬಿಚ್ಚುವುದಿಲ್ಲ.

ಕಾರಣ ಕೇಳಬೇಡ. ಕೆಡದಿರುವುದನ್ನು ಬಿಚ್ಚಬಾರದು, ಅಷ್ಟೆ. ಪೆನ್ನು ಹೊಸದು, ದಪ್ಪ ಬರುತ್ತದೆ.

ಈಜುಕೊಳದ ಪ್ರಿಂಟನ್ನು ಹೊರಗೆ ಬಿಸಿಲಿಗೆ ಹಿಡಿದು ನೋಡಿದೆ. ಟೈಲರ್‌ನನ್ನೂ ಕರೆದು ಮೂಲೆ ಮೂಲೆ ಏನು ಕಾಣುತ್ತದೆ ಹೇಳು ಅಂದೆ. ಅವನು ಸೂಜಿಗೆ ದಾರ ಪೋಣಿಸುವವನು, ಅವನ ಕಣ್ಣಿಗೆ ಮೋಸ ಇಲ್ಲ. "ಎಲ್ಲಾ ಕಡೆ ಒಂದೇ ಸಮ ಬಿಳಿ ಸ್ವಾಮಿ, ಅಂಚು ಮಾತ್ರ ಸ್ವಲ್ಪ ಕಪ್ಪು" ಅಂದ. ಒಂದೇ ಸಮ ಬಿಳಿ ಅಂದರೆ ನೀನು ಕೊಟ್ಟ ಎರಡು ಕ್ಲಿಕ್ಕಿನ ಬಿಳಿ. ಆದರೆ ಪರದೆಯಲ್ಲಿ ಎಲ್ಲ ಕಡೆ ಮಬ್ಬು ಕಂಡಿತು ಅಂತೀಯ. ಎರಡೂ ಒಟ್ಟಿಗೆ ಹೊಂದುವುದಿಲ್ಲ. ನನ್ನ ತಲೆಗೆ ಹುಳ ಬಿಟ್ಟಿದ್ದೀಯ.

ಒಂದು ಪರೀಕ್ಷೆ ಮಾಡು. ಖಾಲಿ ಗೋಡೆಯ ಮುಂದೆ ಟ್ರೈಪಾಡ್ ಇಡು. ಮೊದಲನೆಯ ಫೋಟೋ, ಲೆನ್ಸ್ ಸೊನ್ನೆಯಲ್ಲಿ, ಮೀಟರ್ ಹೇಳಿದ ಅಂಕಿ. ಎರಡನೆಯದು, ಲೆನ್ಸ್ ಕೊನೆಯ ತನಕ ಸರಿಸಿ, ಅದೇ ಅಂಕಿ. ಈ ಎರಡಕ್ಕೂ ಭೂತಗನ್ನಡಿ ಮುಟ್ಟಬೇಡ, ಪರದೆ ನೋಡಲೇಬೇಡ. ಮೂರನೆಯದು ನಿನ್ನ ಮಾಮೂಲಿ ರೀತಿಯಲ್ಲಿ, ನೋಡಿ, ನಿನ್ನ ಕಣ್ಣಿಗೆ ಸರಿ ಅನ್ನಿಸುವಷ್ಟು ಬೆಳಕು ಕೊಟ್ಟು. ಲ್ಯಾಬಿನವನಿಗೆ ಏನೂ ತಿದ್ದಬೇಡವೆಂದು ಹೇಳಿ ಪ್ರಿಂಟ್ ತೆಗೆಸು. ಫೋನಿಗೆ ಕಳಿಸಬೇಡ. ಫೋನು ತನಗೆ ಬೇಕಾದ ಹಾಗೆ ಬಣ್ಣ ಹಚ್ಚಿಕೊಂಡು ತೋರಿಸುತ್ತದೆ, ಕಾಗದಕ್ಕೆ ಆ ಬುದ್ಧಿ ಇಲ್ಲ.

ಅಪ್ಪ


ಜುಲೈ 15

ಅಪ್ಪನಿಗೆ,

ಮೂರೂ ಇಟ್ಟಿದ್ದೇನೆ. ಹಿಂದೆ ಒಂದು, ಎರಡು, ಮೂರು ಅಂತ ಬರೆದಿದ್ದೇನೆ.

ಮೊದಲನೆಯದು ಸರಿಯಾಗಿದೆ. ಎರಡನೆಯದೂ ಸರಿಯಾಗಿದೆ, ಅಂಚು ಮಬ್ಬು, ಅಷ್ಟೆ. ಮೂರನೆಯದು ಸುಟ್ಟಿದೆ. ಅಲ್ಲಿಗೆ ನಿನ್ನ ಲೆನ್ಸ್ ಗೆದ್ದಿತು. ಕ್ಯಾಮೆರಾನೂ ಗೆದ್ದಿತು. ಸೋತಿದ್ದು ಯಾರೆಂದು ನೀನೇ ಹೇಳು.

ಒಂದು ಮಾತು ಬರೆಯದೆ ಇರಲಾರೆ. ಮೂರನೆಯದನ್ನು ತೆಗೆಯುವಾಗ ನಾನು ಭೂತಗನ್ನಡಿಗೆ ಕಣ್ಣಿಟ್ಟು ಪರದೆಯನ್ನೇ ನೋಡಿದ್ದೆ. ಖಂಡಿತ ಮಬ್ಬಾಗಿಯೇ ಇತ್ತು. ಮನೆಗೆ ತಂದು ಮೇಜಿನ ಮೇಲೆ ಮೂರನ್ನೂ ಹರಡಿದರೆ ಬಿಳಿ ಎದ್ದು ಕಾಣುತ್ತದೆ. ಅದೇ ನಾನು, ಅದೇ ಫೋಟೋ. ನನಗೆ ಕೆಲಸ ಬರುವುದಿಲ್ಲವೆಂದು ಯಾರಾದರೂ ಹೇಳಿದರೆ ಜಗಳವಾಡಬಹುದು. ಇದಕ್ಕೆ ಯಾರ ಜೊತೆ ಆಡಲಿ?

ಮೇಡಮ್ ಇಪ್ಪತ್ತೆಂಟಕ್ಕೆ ಬನ್ನಿ ಅಂದಿದ್ದಾರೆ.

ಚೂಟಿ


ಜುಲೈ 20

ಚೂಟಿ,

ಭೂತಗನ್ನಡಿಗೆ ಯಾವ ಕಣ್ಣಿಡುತ್ತೀಯ? ಎಡಗಣ್ಣು ತಾನೆ. ಚಿಕ್ಕಂದಿನಲ್ಲಿ ನನ್ನನ್ನು ನೋಡಿ ಕಲಿತದ್ದು. ಸೈಟಿನಲ್ಲಿ ನೋಡುವುದು ಎಡಗಣ್ಣು ಒಂದೇ. ಮನೆಯಲ್ಲಿ ಪ್ರಿಂಟ್ ನೋಡುವುದು ಎರಡೂ ಕಣ್ಣು.

ಬಿಳಿ ಗೋಡೆಯ ಮುಂದೆ ನಿಲ್ಲು. ಎಡಗಣ್ಣು ಮುಚ್ಚಿ ಬಲಗಣ್ಣಲ್ಲಿ ನೋಡು. ಆಮೇಲೆ ಬಲಗಣ್ಣು ಮುಚ್ಚಿ ಎಡಗಣ್ಣಲ್ಲಿ ನೋಡು. ಎರಡರಲ್ಲೂ ಒಂದೇ ಬಿಳಿ ಕಂಡರೆ ಅಪ್ಪನಿಗೆ ಅರಳುಮರಳು ಅಂದುಕೊಂಡು ಈ ಕಾಗದ ಹರಿದುಹಾಕು. ಒಂದರಲ್ಲಿ ಕೊಳೆ ಬಿಳಿ ಕಂಡರೆ ಅದೇ ದಿನ ಕಣ್ಣಿನ ಡಾಕ್ಟರ ಹತ್ತಿರ ಹೋಗು. ಕನ್ನಡಕದ ಅಂಗಡಿಗಲ್ಲ, ಡಾಕ್ಟರ ಹತ್ತಿರ.

ನಿನ್ನ ಅಜ್ಜಿ, ನನ್ನ ಅಮ್ಮ, ನಡುಮಧ್ಯಾಹ್ನ "ದೀಪ ಹಚ್ರೋ, ಏನೂ ಕಾಣಲ್ಲ" ಅನ್ನುತ್ತಿದ್ದಳು. ಮುದುಕಿಗೆ ಹಗಲು ರಾತ್ರಿ ಗೊತ್ತಾಗಲ್ಲ ಅಂತ ನಾವೆಲ್ಲ ನಗುತ್ತಿದ್ದೆವು. ಆಮೇಲೆ ದೀಪ ಹಚ್ಚಿದರೂ ಕಾಣುತ್ತಿರಲಿಲ್ಲ.

ಇಪ್ಪತ್ತೆಂಟರ ತನಕ ಕಾಯಬೇಡ. ಆಸ್ಪತ್ರೆಯ ಫೋಟೋ ಹಾಳಾಗಿ ಹೋಗಲಿ.

ಅಪ್ಪ


ಆಗಸ್ಟ್ 9

ಚೂಟಿ,

ಕಾಗದ ಇಲ್ಲ. ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ, ಯಾರೋ ಗಂಡಸು ಎತ್ತಿ ಇದು ಪೇಂಟ್ ಅಂಗಡಿ ಅಂದ. ನಂಬರ್ ತಪ್ಪು ಒತ್ತಿದ್ದೆ. ಟೈಲರ್ ಒತ್ತಿ ಕೊಟ್ಟ ಮೇಲೆ ನಿನ್ನದೇ ರಿಂಗ್ ಆಯಿತು, ಆದರೂ ಎತ್ತಲಿಲ್ಲ.

ನನ್ನ ಜೊತೆ ಮಾತು ಬಿಟ್ಟರೂ ಪರವಾಗಿಲ್ಲ. ಹೋದೆಯೋ ಇಲ್ಲವೋ ಅಷ್ಟು ಬರೆ. ಒಂದು ಸಾಲು ಸಾಕು. ನನಗೆ ಹೆದರಿಕೆಯಾಗುತ್ತಿದೆ.

ಅಪ್ಪ


ಆಗಸ್ಟ್ 17

ಅಪ್ಪನಿಗೆ,

ಹೋದೆ. ನಿನ್ನ ಕಾಗದ ಬಂದ ದಿನವೇ ಹೋದೆ. ಫೋನ್ ಎತ್ತದಿದ್ದದ್ದು ಯಾಕೆಂದರೆ ನಿನ್ನ ದನಿ ಕೇಳಿದರೆ ಅತ್ತುಬಿಡುತ್ತಿದ್ದೆ. ಆಮೇಲೆ ಇಬ್ಬರಿಗೂ ಕಷ್ಟ.

ಎಡಗಣ್ಣಿನ ಗೋಡೆ ನಿಜವಾಗಿಯೂ ಕೊಳೆ ಬಿಳಿ. ಇಷ್ಟು ದಿನ ನನಗೆ ಗೊತ್ತೇ ಆಗಿರಲಿಲ್ಲ. ಡಾಕ್ಟರ್ ಗ್ಲಾಕೋಮಾ ಅಂದರು. ಕಣ್ಣಿನೊಳಗೆ ಒತ್ತಡ ಹೆಚ್ಚಾಗಿ ಹಿಂದಿನ ನರ ಸಾಯುತ್ತಾ ಬರುತ್ತದಂತೆ. ನೋವಿಲ್ಲ, ಕೆಂಪಿಲ್ಲ, ಸದ್ದಿಲ್ಲ. ಎಡಗಣ್ಣಿನಲ್ಲಿ ಹೋದದ್ದು ಹೋಯಿತು, ವಾಪಸು ಬರುವುದಿಲ್ಲ. ಉಳಿದದ್ದನ್ನೂ ಬಲಗಣ್ಣನ್ನೂ ಔಷಧಿ ಹಾಕಿ ಉಳಿಸಿಕೊಳ್ಳಬಹುದು ಅಂದರು. ಮರೆಯದೆ ದಿನಾ ಹಾಕಬೇಕು, ಸಾಯುವ ತನಕ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೆಲಸ ಮಾಡು ಅಂತ ನೀನು ಬೈಯುತ್ತಿದ್ದೆಯಲ್ಲ, ಈಗ ಔಷಧಿ ಬಿಟ್ಟುಕೊಂಡು ಮಾಡುತ್ತೇನೆ.

ಆಸ್ಪತ್ರೆಯ ಕೆಲಸ ಸಿಕ್ಕಿತು. ಮೇಡಮ್‌ಗೆ ನಿನ್ನ ಎರಡನೆಯ ನಂಬರಿನ ಗೋಡೆ ಫೋಟೋದ ಇನ್ನೊಂದು ಪ್ರತಿ ತೋರಿಸಿದೆ. ಇನ್ನು ಮೇಲೆ ಹೀಗೆ ತೆಗೆಯುತ್ತೇನೆ ಅಂದೆ. ಕಣ್ಣಿನ ವಿಷಯ ಹೇಳಲಿಲ್ಲ. ಅವರು ಗೋಡೆಯನ್ನೇ ತುಂಬ ಹೊತ್ತು ನೋಡಿ, "ಒಂದೇ ಒಂದು ಅವಕಾಶ, ಆಯ್ತಾ?" ಅಂದರು. ಹೋಗಿ ಸೊನ್ನೆಯಲ್ಲಿ ಅಳೆದೆ, ಅಂಕಿ ಹಾಕಿದೆ, ಸರಿಸಿದೆ, ಒತ್ತಿದೆ. ಫೋಕಸ್ ನೋಡಲು ಮಾತ್ರ ಭೂತಗನ್ನಡಿಗೆ ಬಲಗಣ್ಣಿಟ್ಟೆ. ಎಡಗಡೆ ಮೂಗು ಅಡ್ಡ ಬಂದ ಹಾಗಾಗುತ್ತದೆ, ಅಭ್ಯಾಸ ಆಗಬೇಕು. ಕೈ ಡಯಲಿನ ಕಡೆ ಹೋಗುತ್ತಲೇ ಇತ್ತು. ಜೇಬಿನಲ್ಲಿ ಹಾಕಿಕೊಂಡೆ. ಪ್ರಿಂಟಿನಲ್ಲಿ ಕಿಟಕಿಯಾಚೆಯ ಮರದ ಎಲೆಗಳು ಬಂದಿವೆ.

ಈಗ ಮುಖ್ಯ ಮಾತು. ಡಾಕ್ಟರ್ ಮನೆಯಲ್ಲಿ ಯಾರಿಗಾದರೂ ಇತ್ತಾ ಅಂತ ಕೇಳಿದರು. ಅಜ್ಜಿಗೆ ಅಂದೆ. "ಅಜ್ಜಿ ಅಂದ್ರೆ ತಾಯಿ ಕಡೆನೋ, ತಂದೆ ಕಡೆನೋ?" ಅಂದರು. ತಂದೆ ಕಡೆ ಅಂದೆ. ಅವರು ಪೆನ್ನು ಕೆಳಗಿಟ್ಟು, "ತಂದೆಯವರ ಕಣ್ಣು ತೋರಿಸಿದೀರಾ?" ಅಂದರು.

ಮನೆಗೆ ಬಂದು ನಿನ್ನ ಕಾಗದಗಳನ್ನೆಲ್ಲ ಸಾಲಾಗಿ ಇಟ್ಟೆ. ದಪ್ಪ ಅಕ್ಷರ. ಕೆಳಗೆ ಜಾರುವ ಸಾಲು. ಕಳೆದ ಕಾಗದದಲ್ಲಿ ಒಂದು ಸಾಲಿನ ಮೇಲೇ ಇನ್ನೊಂದು ಬರೆದಿದ್ದೀಯ. ಪ್ರಿಂಟ್ ನೋಡಲು ಟೈಲರ್ ಬೇಕು, ನಂಬರ್ ಒತ್ತಲು ಟೈಲರ್ ಬೇಕು. ನಡುರಾತ್ರಿ ಕರೆದು ಕೊಟ್ಟರೂ ಲೆನ್ಸ್ ಬಿಚ್ಚುತ್ತಿದ್ದವನು ಬಿಚ್ಚುವುದಿಲ್ಲ ಅಂದೆ. ನಿನ್ನ ಪ್ರಾಣದಂಥ ಲೆನ್ಸನ್ನು ಬನಿಯನ್ನಿನಲ್ಲಿ ಸುತ್ತಿ ಕಳಿಸಿಬಿಟ್ಟೆ. ಅಂಗಡಿ ಮುಚ್ಚಿದೆ.

ಅಪ್ಪಾ, ಯಾವ ಕಣ್ಣು?

ಚೂಟಿ


ಆಗಸ್ಟ್ 24

ಎರಡೂ.

ಅಪ್ಪ


ಆಗಸ್ಟ್ 26

ಚೂಟಿ,

ಮೊನ್ನೆಯದನ್ನು ಅಂಚೆಗೆ ಹಾಕಿ ಬಂದ ಮೇಲೆ ಅಷ್ಟೇ ಬರೆದದ್ದು ತಪ್ಪು ಅನ್ನಿಸಿತು. ಉಳಿದದ್ದು ಇದು.

ನಡುವೆ ಕಾಣುತ್ತದೆ. ಸುತ್ತ ಇಲ್ಲ. ಕೊಳವೆಯಲ್ಲಿ ನೋಡಿದ ಹಾಗೆ. ಬೆಂಚಿನ ಮೇಲೆ ಸ್ಕ್ರೂ ಇಟ್ಟರೆ ಕೈ ತೆಗೆದ ಕೂಡಲೇ ಮಾಯ. ಒಬ್ಬ ಗಿರಾಕಿಯ ಕ್ಯಾಮೆರಾ ಬಿಚ್ಚಿ ಕೂಡಿಸಿದ ಮೇಲೆ ತಟ್ಟೆಯಲ್ಲಿ ಒಂದು ಸ್ಪ್ರಿಂಗ್ ಉಳಿದಿತ್ತು. ಅವನು ಕ್ಯಾಮೆರಾ ತೆಗೆದುಕೊಂಡು ಹೋದ ಮೇಲೆ ನನಗೆ ಕಂಡಿತು. ಅವತ್ತೇ ಬಾಗಿಲು ಹಾಕಿದೆ. ನಿನಗೆ ಹೇಳಿದ್ದರೆ ಕ್ಯಾಮೆರಾ ಮೂಲೆಗೆಸೆದು ಬಂದು ನನ್ನ ಪಕ್ಕ ಕೂರುತ್ತಿದ್ದೆ. ಅದು ನನಗೆ ಬೇಡವಾಗಿತ್ತು. ಬೆಂಚು ಈಗಲೂ ಹಾಗೇ ಇದೆ, ಮಾರಿಲ್ಲ. ಬೀಗದ ಕೈ ಟೈಲರ್ ಹತ್ತಿರ ಇದೆ.

ನಾನು ಇದನ್ನು ವಯಸ್ಸು ಅಂದುಕೊಂಡಿದ್ದೆ, ಚೂಟಿ. ಅಮ್ಮನಿಗೆ ಹೋಯಿತು, ನನಗೂ ಹೋಗುತ್ತಿದೆ, ಎಲ್ಲರಿಗೂ ಹೋಗುತ್ತದೆ. ನಿನ್ನ ಮೂರನೆಯ ಗೋಡೆಯ ಫೋಟೋ ಬಂದಾಗ ಅಂಗಡಿಯ ದಿನಗಳು ನೆನಪಾದವು. ನಾನೂ ಬೆಂಚಿನ ದೀಪ ಬದಲಾಯಿಸುತ್ತಾ ಬಂದಿದ್ದೆ, ಪ್ರತಿ ಸಲ ಇನ್ನೂ ದೊಡ್ಡದು. ನೀನು ಕ್ಲಿಕ್ ಏರಿಸಿದ ಹಾಗೆ. ನಿನ್ನ ವಯಸ್ಸಿಗೆ ವಯಸ್ಸಾಗಿದೆ ಅನ್ನಲು ಆಗುವುದಿಲ್ಲವಲ್ಲ.

ಅಪ್ಪ


ಸೆಪ್ಟೆಂಬರ್ 3

ಅಪ್ಪನಿಗೆ,

ನನ್ನನ್ನು ಅದೇ ದಿನ ಡಾಕ್ಟರ ಹತ್ತಿರ ಓಡಿಸಿದವನು ನೀನು ಮಾತ್ರ ಹೋಗಿಲ್ಲ. ಸಿಟ್ಟು ನೆತ್ತಿಗೇರಿದೆ. ಎರಡು ವರ್ಷ ನೀನು ನನಗೆ ಬೆಂಚು ಕೊಡಲಿಲ್ಲವೆಂದು ಕುದಿಯುತ್ತಿದ್ದೆ, ಅದು ಇದರ ಮುಂದೆ ಏನೂ ಅಲ್ಲ.

ಹದಿನಾಲ್ಕಕ್ಕೆ ಬರುತ್ತೇನೆ. ಹದಿನೈದಕ್ಕೆ ಇಬ್ಬರೂ ಡಾಕ್ಟರ ಹತ್ತಿರ ಹೋಗೋಣ. "ನನಗೇನಾಗಿದೆ" ಅಂದರೆ ಟೈಲರ್‌ನನ್ನು ಕರೆದು ಎತ್ತಿಸಿಕೊಂಡು ಹೋಗುತ್ತೇನೆ. ನಿನ್ನ ಬಳಿ ಉಳಿದಿರುವ ಆ ನಡುವಿನ ನೋಟ ನನಗೆ ಬೇಕು.

ಸೊಟ್ಟಪ್ಪನನ್ನೂ ತರುತ್ತೇನೆ. ಬೆಂಚಿನ ಒಂದು ಫೋಟೋ ತೆಗೆಯಬೇಕು.

ಚೂಟಿ


ಅಕ್ಟೋಬರ್ 6

ಚೂಟಿ,

ಔಷಧಿ ಹಾಕಿಕೊಳ್ಳುತ್ತಿದ್ದೇನೆ. ಮೊದಮೊದಲು ಅರ್ಧ ಕಣ್ಣಿಗೆ, ಅರ್ಧ ಕೆನ್ನೆಗೆ. ಈಗ ಟೈಲರ್ ಹಾಕುತ್ತಾನೆ. ಕತ್ತರಿ ಹಿಡಿದ ಕೈಯಲ್ಲೇ ಬರುತ್ತಾನೆ, ಆಗ ಔಷಧಿಗಿಂತ ಕತ್ತರಿಯ ಭಯ. ಒತ್ತಡ ಇಳಿದಿದೆ ಅಂದರು ಡಾಕ್ಟರ್. ಇದ್ದಷ್ಟು ಇರುತ್ತದೆ ಅಂದರು.

ಬೆಂಚಿನ ಫೋಟೋ ಬಂತು. ಟೈಲರ್‌ಗೆ ತೋರಿಸಲಿಲ್ಲ. ಬಾಗಿಲ ಹತ್ತಿರ ಬಿಸಿಲಿನಲ್ಲಿ ಕೂತು ನಾನೇ ನೋಡಿದೆ. ನನಗೆ ಒಂದು ಫೋಟೋ ಒಮ್ಮೆಗೇ ಕಾಣುವುದಿಲ್ಲ, ತುಂಡು ತುಂಡಾಗಿ ನೋಡಬೇಕು. ಮೊದಲು ಕಿಟಕಿ ನೋಡಿದೆ. ಸುಟ್ಟಿಲ್ಲ, ಎದುರಿನ ತಗಡಿನ ಸೂರು ಕೂಡ ಕಾಣುತ್ತದೆ. ಆಮೇಲೆ ಸ್ಕ್ರೂಡ್ರೈವರ್‌ಗಳ ಸಾಲು. ಆಮೇಲೆ ಬೆಂಚಿನ ಮೇಲೆ ಲೆನ್ಸ್ ಇಟ್ಟು ಇಟ್ಟು ಸವೆದ ಜಾಗ. ಗೋಡೆ ನೆಟ್ಟಗಿದೆ. ಅವತ್ತು ನೀನು ಅಳೆಯುವಾಗ "ಸೊನ್ನೆಯಲ್ಲಿದೆಯಾ?" ಅಂತ ನಾನು ಕೇಳಿದ್ದೆ, "ಹೂಂ ಮಾರಾಯ, ಬಾಯ್ಮುಚ್ಕೊಂಡು ಕೂತ್ಕೋ, ನೀನೇನ್ ಫೋಟೋದಲ್ಲಿ ಬರಲ್ಲ" ಅಂದಿದ್ದೆ ನೀನು. ಕ್ಯಾಮೆರಾದ ಮುಖ ಬೆಂಚಿನ ಕಡೆಗಿತ್ತು, ನಾನು ಪಕ್ಕದ ಸ್ಟೂಲಿನಲ್ಲಿದ್ದೆ, ನಂಬಿದೆ. ಕ್ಯಾಮೆರಾ ಅಲ್ಲಾಡಿಸದೆ ಲೆನ್ಸ್ ಮಾತ್ರ ಪಕ್ಕಕ್ಕೆ ಸರಿಸಬಹುದೆಂದು ನಿನಗೆ ಹೇಳಿಕೊಟ್ಟವನು ನಾನೇ.

ಫೋಟೋ ಕೆಳಗಿಡುವ ಮೊದಲು ಕಣ್ಣನ್ನು ಬಲತುದಿಗೆ ಹೊರಳಿಸಿದೆ. ಯಾರೋ ಕೂತಿದ್ದರು. ತೊಡೆಯ ಮೇಲೆ ಕೈ ಇಟ್ಟುಕೊಂಡು, ನೀನು ನಿಂತಿದ್ದ ಕಡೆಗೇ ಮುಖ ಮಾಡಿ ಕೂತಿದ್ದರು. ಯಾರೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

ಅಂಚಿನಲ್ಲಿ ಇರುವುದರಿಂದ ನಾನು ಕೊಂಚ ಕಪ್ಪಗೆ ಬಂದಿದ್ದೇನೆ. ನೀನು ಎರಡು ಕ್ಲಿಕ್ ಹೆಚ್ಚು ಕೊಟ್ಟಿಲ್ಲ. ಎಕ್ಸ್‌ಪೋಷರ್ ಸರಿಯಾಗಿದೆ.

ಅಪ್ಪ